ಕೊಳವೆ ಹಿಡಿದ ಕೈ

ಮಗುವಿನ ಮಂಚದ ಮೇಲೆ ಬಗ್ಗಿದ್ದ ನರ್ಸಿನ ಜುಟ್ಟು ಹಿಡಿದು ತಾಯಿ ಅವಳ ತಲೆಯನ್ನು ಕಬ್ಬಿಣದ ಕಂಬಿಗೆ ಬಡಿದಳು. "ಕೊಂದೆಯಲ್ಲೇ ನನ್ನ ಮಗೂನ."

ತಾಯಿ ಒಂದಿಷ್ಟು ನಿದ್ದೆ ಮಾಡಲಿ ಅಂತಲೇ ಆ ಮಧ್ಯಾಹ್ನ ಆಸ್ಪತ್ರೆಯವರು ನರ್ಸನ್ನು ಮನೆಗೆ ಕಳಿಸಿದ್ದರು. ನಿದ್ದೆ ಕೆಡಬಾರದೆಂದು ನರ್ಸ್ ಮಗುವಿನ ಉಸಿರು ಕಾಯುವ ಯಂತ್ರದ ಬೀಪ್ ಸದ್ದನ್ನು ಬಂದ್ ಮಾಡಿದ್ದಳು. ಸದ್ದು ನಿಂತಿದ್ದಕ್ಕೇ ಪಕ್ಕದ ಕೋಣೆಯಲ್ಲಿ ಮಲಗಿದ್ದ ತಾಯಿಗೆ ಎಚ್ಚರವಾಗಿದ್ದು. ಸದ್ದಿಲ್ಲ ಅಂದರೆ ಅವಳ ಲೆಕ್ಕದಲ್ಲಿ ಉಸಿರೂ ಇಲ್ಲ.

"ಮಗು ಚೆನ್ನಾಗಿದೆ ಅಕ್ಕ, ನೋಡಿ," ಅಂದಳು ನರ್ಸ್. ಕೇಳುವ ಕಿವಿ ಎಲ್ಲಿತ್ತು? ದೆವ್ವ ಮೆಟ್ಟಿದವಳ ಹಾಗೆ ತಾಯಿ ಗುದ್ದುತ್ತಲೇ ಇದ್ದಳು. ತುಟಿ ಒಡೆದು ರಕ್ತ ಸುರಿದರೂ ಇವಳು ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲವಲ್ಲ ಅಂತ ಸಿಟ್ಟು ಇನ್ನೂ ನೆತ್ತಿಗೇರಿತು. ಆ ಕೈಗಳು ಎಲ್ಲಿವೆ ಅಂತ ನೋಡಿದಳು.

ಎರಡೂ ಮಗುವಿನ ಕುತ್ತಿಗೆಯಲ್ಲಿದ್ದವು. ಗಂಟಲಿಗೆ ತೂತು ಮಾಡಿ ಕೂರಿಸಿದ್ದ ಉಸಿರಿನ ಕೊಳವೆಯನ್ನು ಹಿಡಿದಿಡುವ ಹಳೆ ಪಟ್ಟಿ ಬಿಚ್ಚಿ ಹೊಸದು ಕಟ್ಟುತ್ತಿದ್ದ ಹೊತ್ತದು; ಬೆರಳು ಸಡಿಲಿಸಿದ್ದರೆ ಒಂದೇ ಕೆಮ್ಮಿಗೆ ಕೊಳವೆ ಹೊರಗೆ ಹಾರುತ್ತಿತ್ತು. ಇಷ್ಟು ಏಟಿಗೂ ಆ ಬೆರಳು ಕೂದಲೆಳೆಯಷ್ಟೂ ಕದಲಿರಲಿಲ್ಲ. ಮಗು ಹಾಯಾಗಿ ಉಸಿರಾಡುತ್ತಿತ್ತು.

ತಾಯಿ ಜುಟ್ಟು ಬಿಟ್ಟು, ಪಟ್ಟಿಯ ಇನ್ನೊಂದು ತುದಿ ಕಟ್ಟಿದಳು.

"ಹೋಗಿ ಮಲಗಿ ಅಕ್ಕ, ನಾನು ಹೊರಡೋಕೆ ಇನ್ನೂ ಹೊತ್ತಿದೆ," ಅಂದಳು ನರ್ಸ್, ರಕ್ತ ನುಂಗುತ್ತ.

ತಾಯಿ ಹೋದಳು. ಮಗು ಹುಟ್ಟಿದಾಗಿನಿಂದ ತೆರೆದೇ ಇದ್ದ ತನ್ನ ಕೋಣೆಯ ಬಾಗಿಲನ್ನು ಒಳಗಿನಿಂದ ಮುಚ್ಚಿಕೊಂಡಳು.