ಬೂಟಿನೊಳಗಿನ ಕೈ

ಮಾಜಿ ಸೈನಿಕ ದಾದೇಸಾಬ ಬಾಗಿಲಲ್ಲೇ ನಿಂತ. ಹೆಂಡತಿ ಗೌಸಬಿ ಅವನ ಬೂಟಿನೊಳಗೆ ಕೈ ಹಾಕಿ ತಡಕಾಡುತ್ತಿದ್ದಳು.

"ಬೀಡಿ ಹುಡಕಾಕತ್ತೀ ಏನ? ಗಡಿ ಕಾದಾಂವ ನಾನು. ನನ್ನ ಮ್ಯಾಲ ನಿಂದು ಪಹರೆ?" ಸಕ್ಕರೆ ಕಾಯಿಲೆ ಬಂದಂದಿನಿಂದ ಅವನಿಗೆ ಎಲ್ಲದರಲ್ಲೂ ಸಂಶಯ. ಚಹಾ ಸಪ್ಪೆಯಾಗಿತ್ತು, ಬೆಲ್ಲದ ಡಬ್ಬಿ ಮಾಯವಾಗಿತ್ತು, ಈಗ ಬೂಟಿನ ತಪಾಸಣೆ.

ಗೌಸಬಿ ಬೂಟಿನ ತಳದ ಅಟ್ಟೆ ದಾಟಿ ಒಳಗೆ ಬಂದಿದ್ದ ಜಾಲಿಮುಳ್ಳನ್ನು ಕಿತ್ತು ತೋರಿಸಿದಳು. ತುದಿಯಲ್ಲಿ ರಕ್ತ ಒಣಗಿತ್ತು. "ನಿನ್ನೆ ಮಮದಾಪುರದಿಂದ ಇದರ ಮ್ಯಾಲ ನಡಕೋತ ಬಂದೀರಿ. ಬ್ಯಾನಿ ಆಗಲಿಲ್ಲೇನ್ರಿ?"

ಎಷ್ಟು ನಡೆದರೂ ಫೌಜಿಯ ಕಾಲು ನೋಯದೆಂದು ಚಹಾದಂಗಡಿಯಲ್ಲಿ ಬೀಗುತ್ತಿದ್ದವನು ಹೊಸ್ತಿಲ ಮೇಲೆ ಕೂತ. ಅಂಗಾಲಿನ ಗಾಯವನ್ನು ಹೆಬ್ಬೆರಳಿನಿಂದ ಒತ್ತಿದ. ನೋವೇ ತಿಳಿಯಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಆಮೇಲೆ ಮೆಲ್ಲಗೆ ಇನ್ನೊಂದು ಕಾಲನ್ನು ಅವಳ ಮುಂದೆ ಚಾಚಿದ.

"ಇದನ್ನೂ ನೀನ ನೋಡು."