ಬೇಲಿಯ ಈಚೆ

ವಿಜಯಪುರದ ಕಡೆ ವೈನಿನ ದ್ರಾಕ್ಷಿ ಬೆಳೆಯುವ ಗೆಳೆಯ ಗುರುಪಾದ, ಹಸಿದುಕೊಂಡೇ ಬಾ ಎಂದು ಫೋನಿನಲ್ಲಿ ತಾಕೀತು ಮಾಡಿದ್ದ. ಬೆಳಗಿನ ತಿಂಡಿಯನ್ನೂ ಬಿಟ್ಟು ಹೋದೆ. ತೋಟದ ಗೇಟಿನಲ್ಲಿ ಅವನದೇ ಮೂಗಿನ, ಅವನಿಗಿಂತ ಹಿರಿಯರೊಬ್ಬರು ನಿಂತಿದ್ದರು.

"ಗುರುಪಾದನ ಮನೆ ಇದೇನಾ?"

"ನಾ ಅವನ ಅಣ್ಣ. ಬರ್ರಿ, ಮೊದಲ ಕೈಕಾಲು ತೊಳಕೊರಿ."

ದ್ರಾಕ್ಷಿ ಚಪ್ಪರದ ನೆರಳಿಗೇ ತಾಟು ಬಂತು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಸ್ಟೀಲ್ ಲೋಟದಲ್ಲಿ ಅದೇ ತೋಟದ ದ್ರಾಕ್ಷಿಯ ವೈನು.

"ಗುರುಪಾದ ಎಲ್ಲಿ?"

"ಇಲ್ಲೇ ಅದಾನ. ನೀವು ಉಣ್ರಿ."

ಉಣ್ಣುವ ವಿಷಯದಲ್ಲಿ ನನಗೆ ಸಂಕೋಚವಿಲ್ಲ. ಆದರೂ ಒಂದು ಹಂತದಲ್ಲಿ ತಾಟಿಗೆ ಕೈ ಅಡ್ಡ ಹಿಡಿದೆ. ಅವರು ನನ್ನ ಕೈ ಸರಿಸಿ ಇನ್ನೊಂದು ರೊಟ್ಟಿ ಹಾಕಿ, ಮೇಲೆ ತುಪ್ಪ ಸುರಿದರು.

"ನಮ್ಮ ಮನಿಗೆ ಬಂದು ಅರ್ಧ ಹೊಟ್ಟ್ಯಾಗ ಏಳೂದಂದ್ರ ಏನ್ರಿ?"

ಆಮೇಲೆ ಹೋಳಿಗೆ ಬಂತು. ಅದನ್ನೂ ಬಿಡಲಿಲ್ಲ. ಬೆಲ್ಟು ಸಡಿಲಿಸಿ ಕಂಬಕ್ಕೆ ಒರಗಿದೆ.

"ಈಗಲಾದರೂ ತಮ್ಮನನ್ನು ಕರೀರಿ. ಇಂಥ ಅಣ್ಣ ಇದ್ದಾರೆಂದು ಅವನು ಒಂದು ದಿನವೂ ಹೇಳಿಲ್ಲ."

ಅವರು ನನ್ನ ಕೈಗೆ ನೀರು ಹಾಕಿ, ಒರೆಸಿಕೊಳ್ಳಲು ಟವೆಲು ಕೊಟ್ಟರು. ಮುಳ್ಳುಬೇಲಿಯಾಚೆಯ ಮನೆಯತ್ತ ಬೆರಳು ತೋರಿಸಿದರು.

"ಅದು ಅವನ ಮನಿ. ಪಾಲಾದಾಗಿಂದ ನಮಗ ಮಾತಿಲ್ಲ. ನಿಮ್ಮ ಸಲುವಾಗಿ ಅಡಗಿ ಮಾಡಸ್ಯಾನ, ಮುಂಜಾನಿಂದ ಒಗ್ಗರಣಿ ವಾಸನಿ ಇಲ್ಲೀತನಾ ಬರಾಕತ್ತೈತಿ. ಹೋಗ್ರಿ, ಹೊಟ್ಟಿ ತುಂಬ ಉಣ್ರಿ."