ಎಣ್ಣೆ ಹಚ್ಚಿದ ತಲೆ

"ಈ ಸರ್ತೇನೂ ಎಣ್ಣಿ ಹಚ್ಕೊಂಡ ಬಂದೀರಲ್ಲರೀ ಅನ್ನವ್ವಾರ!" ನರ್ಸ್ ಜಯಶ್ರೀ ಬೆರಳಿಗೆ ಹತ್ತಿದ ಕೊಬ್ಬರಿ ಎಣ್ಣೆ ತೋರಿಸಿದಳು. "ಇದು ಮೂರನೇ ಸಲ. ತಲಿ ತೊಳ್ಕೊಂಡು, ಒಣಗಿಸ್ಕೊಂಡ ಬರ್ರಿ ಅಂತ ಚೀಟಿ ಮ್ಯಾಲೆ ಬರದು ಕೊಟ್ಟಿದ್ನಿ."

"ಏನ್ ಮಾಡ್ಲಿ ತಂಗಿ? ಒಣ ತಲೀಲೆ ಹೊಸ್ತಿಲಾ ದಾಟಬ್ಯಾಡ ಅಂತಿದ್ಲು ನಮ್ಮಕ್ಕ."

ಹಾನಗಲ್ಲಿನ ಚರ್ಮದ ಡಾಕ್ಟರರ ದವಾಖಾನೆ ಅದು. ಅಕ್ಕಿಆಲೂರಿನ ತನ್ನ ಖಾನಾವಳಿಯಲ್ಲಿ ಗಿರಾಕಿಯೊಬ್ಬ ಸಾರಿನೊಳಗಿಂದ ಉದ್ದನೆಯ ಕೂದಲೊಂದನ್ನು ಎಳೆದು, ಹತ್ತು ಮಂದಿಯ ಮುಂದೆ ಎತ್ತಿ ಹಿಡಿದ ಮರುದಿನ ಅನ್ನವ್ವ ಇಲ್ಲಿಗೆ ಬಂದಿದ್ದಳು. ಬೈತಲೆ ಅಗಲವಾಗಿ ನೆತ್ತಿ ಕಾಣತೊಡಗಿತ್ತು. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ನೆತ್ತಿಗೆ ಚುಚ್ಚುತ್ತೇವೆ, ತಿಂಗಳಿಗೊಮ್ಮೆಯಂತೆ ಮೂರು ಸಲ ಎಂದಿದ್ದರು ಡಾಕ್ಟರರು.

ಮೊದಲ ಸಲ ಎಣ್ಣೆ ಹಚ್ಚಿಕೊಂಡು ಬಂದದ್ದು ತಿಳಿಯದೆ. ಒಳ್ಳೆಯ ಕೆಲಸಕ್ಕೆ ಹೊರಡುವಾಗ ತಲೆಗೆ ಎಣ್ಣೆ, ಹಣೆಗೆ ವಿಭೂತಿ, ಇದು ಅವಳ ಮನೆಯ ರೂಢಿ. ಎಣ್ಣೆಯ ತಲೆಗೆ ಸೂಜಿ ಹಾಕುವಂತಿಲ್ಲವಾದ್ದರಿಂದ ಜಯಶ್ರೀಯೇ ತೊಟ್ಟಿಯ ಮೇಲೆ ತಲೆ ಬಾಗಿಸಿ ತೊಳೆದಿದ್ದಳು. ಎರಡನೆಯ ಸಲ ಬಸ್ಸಿಗೆ ಹೊರಡುವ ಮುಂಚೆ ಅನ್ನವ್ವ ಎಣ್ಣೆಯ ಬಾಟಲಿ ಹಿಡಿದು ಜಯಶ್ರೀ ಕೊಟ್ಟ ಚೀಟಿಯನ್ನು ಇನ್ನೊಮ್ಮೆ ನೋಡಿದ್ದಳು. ಆಮೇಲೆ ಹಚ್ಚಿಕೊಂಡಿದ್ದಳು.

ಈಗಲೂ ಜಯಶ್ರೀ ಗೊಣಗುತ್ತಲೇ ಬಿಸಿನೀರು ತಂದಳು. ವಿಭೂತಿ ಅಳಿಯದ ಹಾಗೆ ಎಡಗೈಯನ್ನು ಹಣೆಗೆ ಅಡ್ಡ ಹಿಡಿದು ಬಲಗೈ ಬೆರಳುಗಳಿಂದ ನೆತ್ತಿ ತಿಕ್ಕಿದಳು. ಪೂಜೆಗೆ ಕೂತಾಗ ಮುಚ್ಚುವಂತೆ ಅನ್ನವ್ವ ಕಣ್ಣು ಮುಚ್ಚಿದಳು. ದಿನಕ್ಕೆ ಐವತ್ತು ಮಂದಿ ಅವಳ ಕೈಯ ರೊಟ್ಟಿ ತಿಂದು, ಚಲೋ ಆಗಿತ್ತು ಅಂದು ಹೋಗುತ್ತಾರೆ. ಸಂಜೆಗೆ ಬಾಗಿಲು ಹಾಕಿದರೆ ಒಳಗೆ ಅವಳೊಬ್ಬಳೇ. ಜೊತೆಗೇ ಖಾನಾವಳಿ ನಡೆಸಿ, ದಿನಾ ಅವಳಿಗೆ ಹೆರಳು ಹಾಕುತ್ತಿದ್ದ ಅಕ್ಕ ಕರೆವ್ವ ತೀರಿಕೊಂಡು ಆರು ವರ್ಷ. ಅಂದಿನಿಂದ ಇವಳ ತಲೆ ಯಾರ ಕೈಯನ್ನೂ ಕಂಡಿರಲಿಲ್ಲ.

"ನೀರು ಸುಡತಾವೇನ್ರಿ?"

"ಇಲ್ಲವಾ. ಇನ್ನೊಂದೀಟು ತಿಕ್ಕು. ಎಣ್ಣಿ ಹೋಗಿಲ್ಲ."

"ಎಲ್ಲಾ ಹೋಗೇತ್ರಿ! ಇನ್ನ ತಿಕ್ಕಿದ್ರ ಇದ್ದಬದ್ದ ಕೂದಲಾನೂ ಹೊಕ್ಕಾವು ನೋಡ್ರಿ," ಎಂದು ಜಯಶ್ರೀ ನಕ್ಕಳು. ಆದರೂ ಇನ್ನೊಂದು ಚೊಂಬು ನೀರು ಮೆಲ್ಲಗೆ ಸುರಿದಳು.

ಸೂಜಿಯ ಕೆಲಸ ಮುಗಿದ ಮೇಲೆ ಡಾಕ್ಟರರು ಕನ್ನಡಿ ಹಿಡಿದರು. ಬೈತಲೆಯ ಎರಡೂ ಬದಿಗೆ, ಆಗಷ್ಟೇ ಎದ್ದ ಭತ್ತದ ಸಸಿಯಂತೆ, ಸಣ್ಣ ಸಣ್ಣ ಕೂದಲು.

"ಭಾಳ ಚಲೋ ಬಂದಾವು ಅನ್ನವ್ವಾರ. ಸಾರಿನ್ಯಾಗ ಕೂದಲಾ ಬೀಳೂ ಚಿಂತಿ ಬಿಡ್ರಿ. ಇನ್ನ ನೀವು ಇಲ್ಲಿತನಾ ಬರೋದು ಬ್ಯಾಡ."

ಅನ್ನವ್ವ ಕನ್ನಡಿಯನ್ನು ನೋಡಲಿಲ್ಲ. ತೊಟ್ಟಿಯ ಹತ್ತಿರ ನಿಂತು ಕೈ ಒರೆಸಿಕೊಳ್ಳುತ್ತಿದ್ದ ಜಯಶ್ರೀಯನ್ನೇ ನೋಡುತ್ತಿದ್ದಳು.

"ಸಾಹೇಬ್ರ," ಎಂದಳು ಮೆಲ್ಲಗೆ, "ಇವು ಮತ್ತ ಯಾವಾಗ ಉದುರತಾವ್ರಿ?"